ಕೊನೆಗೂ ನೊಣಗಳು ಹೆದರಿದವು

ಒಂದು ವಾಸನೆಯ ಜೊತೆ ಶಾಕ್ ಕೊಟ್ಟು, ಆಮೇಲೆ ಆ ವಾಸನೆಗೆ ಹೆದರುತ್ತವೆಯೇ ಅಂತ ಹಣ್ಣಿನ ನೊಣಗಳಿಗೆ ಪರೀಕ್ಷೆ ಇಟ್ಟಿದ್ದೆ. ಮಾಮೂಲಿ ತಳಿಯಾದ ಕ್ಯಾಂಟನ್-ಎಸ್ ನೊಣಕ್ಕೂ ಸೊನ್ನೆ ಅಂಕ, ಡನ್ಸ್ ನೊಣಕ್ಕೂ ಸೊನ್ನೆ. ಮಳೆಗಾಲವಿಡೀ ಇದೇ ರಾಗ.

ಡನ್ಸ್‌ಗೆ ಅಂಕ ಕಡಿಮೆ ಬಂದರೆ ಸರಿಯೇ. 1976ರಲ್ಲಿ ವಿಜ್ಞಾನಿ ಸೀಮೋರ್ ಬೆಂಜರ್ ಅವರ ತಂಡ ಪ್ರಕಟಿಸಿದ ಮರೆಗುಳಿ ತಳಿ ಅದು. ಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಒಡೆಯುವ ಕಿಣ್ವದ ಜೀನ್ ಕೆಟ್ಟಿದೆ, ಹಾಗಾಗಿ ನರಕೋಶದಲ್ಲಿ ಅದು ಜಾಸ್ತಿಯಾಗುತ್ತದೆ. ರುಟಬಾಗ ಎಂಬ ಇನ್ನೊಂದು ಮರೆಗುಳಿ ತಳಿಯಲ್ಲಿ ಉಲ್ಟಾ, ತಯಾರಾಗುವುದೇ ಕಡಿಮೆ. ಎರಡಕ್ಕೂ ಶಾಕ್ ತಿಂದದ್ದು ಬೇಗ ಮರೆತುಹೋಗುತ್ತದೆ. ಆದರೆ ಜೀನ್ ನೆಟ್ಟಗಿರುವ ಕ್ಯಾಂಟನ್-ಎಸ್‌ಗೆ ಏನು ಧಾಡಿ?

ಶಾಕ್ ಕೊಡುವ ತಾಮ್ರದ ಗ್ರಿಡ್ ಚೆನ್ನಾಗಿತ್ತು. ಕರೆಂಟ್ ಕೊಟ್ಟ ಕೂಡಲೇ ನೊಣಗಳು ನೆಗೆಯುತ್ತಿದ್ದವು. ಮೂಗೂ ಸರಿಯಿತ್ತು. ಬರಿ ಗಾಳಿಯ ಎದುರು ಆಕ್ಟನಾಲ್ ಎಂಬ ವಾಸನೆಯ ದ್ರವ ಇಟ್ಟರೆ ಓಡುತ್ತಿದ್ದವು. ಉಳಿದದ್ದು ವಾಸನೆ ತರುವ ಪೈಪು. ಆಕ್ಟನಾಲ್ ಬಾಟಲಿ ತೆಗೆದಿಟ್ಟು, ರಾತ್ರಿಯಿಡೀ ಬರಿ ಪಂಪ್ ಓಡಿಸಿ, ಬೆಳಿಗ್ಗೆ ಪೈಪಿನ ಬಾಯಿಗೆ ಮೂಗಿಟ್ಟೆ. ಗಮ್ಮಂತ ಆಕ್ಟನಾಲ್!

ಅಲ್ಲಿಗೆ ಗುಟ್ಟು ಬಯಲಾಯಿತು. ಮೊದಲು ಆಕ್ಟನಾಲ್ ಜೊತೆ ಶಾಕ್, ಆಮೇಲೆ ಶಾಕ್ ಇಲ್ಲದೆ ಎಂಸಿಎಚ್ ಎಂಬ ಇನ್ನೊಂದು ವಾಸನೆ, ಕೊನೆಗೆ ಎರಡರಲ್ಲಿ ಒಂದರ ಆಯ್ಕೆ. ಪೈಪು ಹೀರಿಕೊಂಡ ಆಕ್ಟನಾಲ್ ಎರಡನೇ ಪಾಳಿಯಲ್ಲೂ ಸೋರುತ್ತಿದ್ದರೆ ನೊಣ ಯಾವುದಕ್ಕೆ ಅಂತ ಹೆದರಬೇಕು? ಒಂದೇ ವಾಸನೆಗೆ ಒಮ್ಮೆ ಶಾಕ್, ಒಮ್ಮೆ ಆರಾಮ. ಪಾಪ, ಗೊಂದಲ ಅವುಗಳದ್ದಲ್ಲ.

ವಾಸನೆ ಹೀರದ ಟೆಫ್ಲಾನ್ ಪೈಪು ಅಂತ ದುಡ್ಡು ಕಿತ್ತುಕೊಂಡು ಅಂಗಡಿಯವನು ಕೊಟ್ಟದ್ದು ವಾಸನೆ ಹೀರುವ ಸಿಲಿಕೋನ್. ಫೋನ್ ಮಾಡಿದರೆ ಉತ್ತರ ಕೇಳಿ: "ಅದೂ ಬಿಳಿ, ಇದೂ ಬಿಳಿ ಅಲ್ವಾ ಸರ್?" ವಾಪಸ್ ತಗೊಳ್ಳಲ್ಲವಂತೆ.

ಕೊನೆಗೆ ತ್ರೀಡಿ ಪ್ರಿಂಟರ್‌ಗೆ ಹಾಕುವ ಟೆಫ್ಲಾನ್ ಟ್ಯೂಬೇ ಗತಿಯಾಯಿತು. ಒಳಗಿನ ತೂತು 2 ಮಿ.ಮೀ., ಗಾಳಿ ಸಾಲದು. ಎರಡೆರಡು ಜೋಡಿಸಿದೆ. ಪಂಪ್ ಈಗ ಮಿಕ್ಸಿ ಥರ ಕಿರುಚುತ್ತದೆ, ಮನೆಯವರ ಶಾಪ ಬೇರೆ. ಆದರೆ ನಿನ್ನೆ ಕೆಂಪು ದೀಪದಲ್ಲಿ ಎಣಿಸಿದಾಗ ಕ್ಯಾಂಟನ್-ಎಸ್‌ಗಳು ಗುಂಪುಗುಂಪಾಗಿ ಎಂಸಿಎಚ್ ಕಡೆ ಕೂತಿದ್ದವು. ವಾಸನೆ ಅದಲುಬದಲು ಮಾಡಿದರೂ ಶಾಕ್‌ನ ವಾಸನೆಯನ್ನೇ ಬಿಟ್ಟು ಓಡಿದವು. ಸ್ವಲ್ಪ ಹೊತ್ತು ಬಿಟ್ಟು ಪರೀಕ್ಷಿಸಿದ ಡನ್ಸ್‌ಗಳು ಎರಡೂ ಕಡೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ರುಟಬಾಗ ಸರದಿ ಇನ್ನೂ ಇದೆ, ಆದರೆ ತಲೆ ಆಗಲೇ ನೆನಪು ಬಹುಕಾಲ ನಿಲ್ಲಲು ಬೇಕಾದ ಕ್ರೆಬ್ ಎಂಬ ಪ್ರೋಟೀನ್ ಕಡೆ ಓಡಿದೆ. ನಡುವೆ 15 ನಿಮಿಷ ಬಿಡುವು ಕೊಟ್ಟು 10 ಸಲ ಕಲಿಸಿದರೆ ನೆನಪು ಒಂದು ವಾರ ನಿಲ್ಲುತ್ತದೆ. ಕ್ರೆಬ್ ಅನ್ನು ಅದುಮಿಟ್ಟರೆ ನಿಲ್ಲುವುದಿಲ್ಲ. ಇಲಿಯ ಮಿದುಳಿನಲ್ಲಿ ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲೂ ಕ್ರೆಬ್ ಜಾಸ್ತಿ ಇರುವ ಕೋಶಗಳೇ ಭಯದ ನೆನಪನ್ನು ಹೆಚ್ಚಾಗಿ ಹಿಡಿದಿಡುವುದು ಅಂತ 2007ರಲ್ಲಿ ತೋರಿಸಿದ್ದಾರೆ. 10 ಸಲ ಕೈಯಲ್ಲೇ ಸ್ವಿಚ್ ಒತ್ತುತ್ತಾ ಕೂರುವವರು ಯಾರು? ಆ ಕೆಲಸಕ್ಕೆ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ರಿಲೇ ಮನೆಯಲ್ಲಿವೆ. ಟೆಫ್ಲಾನ್ ಒಳಮೈ ಇರುವ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಬೇಕು. ಬಿಳಿ ಬಣ್ಣ ತೋರಿಸಿ ಮಾರದ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.