ಊಟದ ಲೆಕ್ಕ ಕೇಳಿದ ಮೇಷ್ಟ್ರು

ನಾಟಕದ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಶಾಲೆಯ ಸಂಚಿಕೆಗೆ ಏನಾದ್ರೂ ಬರಿ ಅಂದಾಗ ಮೊದಲು ನೆನಪಾದದ್ದು ಅವರೇ. ಪಾಠ? ಒಂದೂ ನೆನಪಿಲ್ಲ.

ಎಂಬತ್ತರ ದಶಕದ ನಡುಭಾಗ. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಶೂಟಿಂಗ್. ಶಂಕರ್‌ನಾಗ್ ಬಂದಿದ್ದಾರೆ ಅಂದಮೇಲೆ ಕ್ಲಾಸಲ್ಲಿ ಕೂರೋಕಾಗುತ್ತಾ? ನಾವು ಮೂವರು ಮಧ್ಯಾಹ್ನದ ಬೆಲ್ ಹೊಡೆದದ್ದೇ ಬಸ್ ಹತ್ತಿದೆವು. ದೊಡ್ಡಮನೆ ಎದುರು ಜನವೋ ಜನ. ಸಂದಿಯಲ್ಲಿ ತೂರಿ ಮುಂದೆ ಹೋಗಿ ನಿಂತೆ. ಅಷ್ಟರಲ್ಲಿ ಯಾರೋ ಕಿವಿ ಹಿಂಡಿದರು. ಮೇಷ್ಟ್ರು! ಎಳಕೊಂಡು ಹೋಗಲು ಬಂದವರು ಪ್ಯಾಕಪ್ ಆಗುವವರೆಗೂ ಅಲ್ಲೇ ನಿಂತುಬಿಟ್ಟರು, ನನ್ನ ಕಿವಿ ಬಿಡದೆ! ಆಮೇಲೆ ಯೂನಿಟ್ ಹುಡುಗನೊಬ್ಬನನ್ನು ಕೇಳಿದರು, “ಇಷ್ಟು ಜನಕ್ಕೆ ದಿನಾ ಊಟ ಹಾಕೋರು ಯಾರು ಮಾರಾಯಾ?”

“ಪ್ರೊಡ್ಯೂಸರ್ ನರಸಿಂಹನ್ ಸಾರ್.”

ಊರೆಲ್ಲ ಶಂಕರ್‌ನಾಗ್ ಮುಖ ನೋಡುತ್ತಿದ್ದರೆ ಇವರಿಗೆ ಊಟದ ಚಿಂತೆ. ಸುಮ್ನೆ ಅಲ್ಲ. ವಾರ್ಷಿಕೋತ್ಸವದ ನಾಟಕಕ್ಕೆ ಗಡ್ಡ-ಮೀಸೆ, ಬಣ್ಣ, ಮೈಕ್ ಸೆಟ್ ಬಾಡಿಗೆ, ಹುಡುಗರ ಅವಲಕ್ಕಿ ಎಲ್ಲವನ್ನೂ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕೂಡಿಸುವ ಕೆಲಸ ನನ್ನದು.

ಆ ಲೆಕ್ಕವೇ ನನ್ನ ಕೈಹಿಡಿಯಿತು. ಬೆಂಗಳೂರಿಗೆ ಬಂದು ಪ್ರೊಡಕ್ಷನ್‌ನಲ್ಲಿ ಚಹಾ ಕೊಡುವುದರಿಂದ ಶುರುಮಾಡಿದೆ. ಆಗ ದೂರದರ್ಶನಕ್ಕೆ ಪ್ರಾಯೋಜಿತ ಧಾರಾವಾಹಿ ಮಾಡೋರು ಪ್ರಸಾರದ ಸ್ಲಾಟಿಗೆ ದುಡ್ಡು ಕಟ್ಟಿ, ಸಿಕ್ಕ ಜಾಹೀರಾತು ಸೆಕೆಂಡುಗಳನ್ನು ತಾವೇ ಮಾರಿಕೊಳ್ಳಬೇಕಿತ್ತು. ಮಾರಾಟವಾಗದಿದ್ದರೆ ಕೈಯಿಂದ ಹೋಯಿತು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದವು. ಕ್ರಮೇಣ ಚಾನೆಲ್‌ನವರೇ ಎಪಿಸೋಡಿಗೆ ಇಷ್ಟು ಅಂತ ಕೊಡುವ ಪದ್ಧತಿ ಬಲವಾಯಿತು. ಆದರೆ ಆ ದುಡ್ಡು ಕೈಗೆ ಬರೋದು ತಡ; ಕಲಾವಿದರಿಗೆ, ಲೈಟಿನವರಿಗೆ ಮೊದಲೇ ಕೊಡಬೇಕು. ಎಷ್ಟೋ ಜನ ಅಲ್ಲೇ ಮುಗ್ಗರಿಸಿದರು. ನಾನು ನಿಂತೆ. ನನ್ನ ಸೆಟ್‌ನಲ್ಲಿ ಊಟ ಮಧ್ಯಾಹ್ನ ಒಂದು ಗಂಟೆ ದಾಟಿ ತಡವಾಗಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.

ಈಚೆಗೆ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆದಿದ್ದರು. ಎಲ್‌ಇಡಿ ಪರದೆ, ಹೊಗೆ ಯಂತ್ರ, ಎಲ್ಲ ಗುತ್ತಿಗೆಗೆ. ಮಕ್ಕಳು ಸಿನಿಮಾ ಹಾಡಿಗೆ ಕುಣಿದರು. ಚೆನ್ನಾಗೇ ಕುಣಿದರು. ಆದರೆ ಒಂದು ಗಡ್ಡ ಅಂಟಿಸುವ ಕೆಲಸವೂ ಅವರಿಗಿರಲಿಲ್ಲ.

ಮೇಷ್ಟ್ರು ನನ್ನ ಸೀರಿಯಲ್ ತಪ್ಪದೆ ನೋಡುತ್ತಿದ್ದರು. ಒಂದು ರಾತ್ರಿ ಫೋನ್. “ಅಲ್ಲ ಕಣೋ, ನಿನ್ನ ಸೊಸೆ ಮಲಗುವಾಗಲೂ ರೇಷ್ಮೆ ಸೀರೆ ಉಡ್ತಾಳಲ್ಲ, ಬಾಡಿಗೆ ಎಷ್ಟು?”

“ಅಂಗಡಿಯವರು ಪುಕ್ಕಟೆ ಕೊಡ್ತಾರೆ ಸಾರ್, ಕೊನೆಯಲ್ಲಿ ಅವರ ಹೆಸರು ಹಾಕಿದರೆ ಆಯ್ತು.”

“ಹಾಗಾದ್ರೆ ಸರಿ, ಉಡ್ಲಿ ಬಿಡು” ಎಂದು ಫೋನಿಟ್ಟರು.