ಗಾರೆ ಇಲ್ಲದ ಮೇಲ್ಗಾಲುವೆ

ಮಗಳು ಬಾರ್ಸಿಲೋನಾದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಈ ಸಲ ನಾವಿಬ್ಬರೂ ಮೈಸೂರಿನಿಂದ ಹೋಗಿ ಒಂದು ತಿಂಗಳು ಅವಳ ಜೊತೆ ಇದ್ದು ಬಂದೆವು. ವಾರದ ದಿನ ಅವಳಿಗೆ ಆಫೀಸು. "ನೀನೂ ಅಪ್ಪನೂ ತರಾಗೋನಾಗೆ ಹೋಗಿಬನ್ನಿ, ರಾತ್ರಿ ಊಟಕ್ಕೆ ವಾಪಸ್ ಬರಬಹುದು" ಅಂತ ರೈಲಿನ ಟಿಕೆಟ್ ಮಾಡಿಕೊಟ್ಟಳು. ಸುಮಾರು 100 ಕಿಲೋಮೀಟರ್, ಬಹಳ ಹೊತ್ತು ಸಮುದ್ರದ ಪಕ್ಕದಲ್ಲೇ ಪ್ರಯಾಣ. ಡಬ್ಬಿಗೆ ಚಪಾತಿ, ಚಟ್ನಿಪುಡಿ ಹಾಕಿಕೊಂಡಿದ್ದೆ.

ರೋಮನ್ನರ ಕಾಲದಲ್ಲಿ ಇದು ತಾರಾಕೋ ಅನ್ನೋ ದೊಡ್ಡ ರಾಜಧಾನಿ. ಆಗ ರಥದ ಓಟ ನಡೆಯುತ್ತಿದ್ದ ಕಟ್ಟಡದ ಕಮಾನುಗಳ ಮೇಲೆಯೇ ಈಗ ಜನ ಮನೆ ಕಟ್ಟಿಕೊಂಡಿದ್ದಾರೆ, ಮೇಲೆ ಬಟ್ಟೆ ಒಣಗುತ್ತಿತ್ತು. ಅಲ್ಲಿಂದ ಇಳಿದರೆ ಸಮುದ್ರಕ್ಕೆ ಅಂಟಿಕೊಂಡ ಹಾಗೆ 2ನೇ ಶತಮಾನದ ಬಯಲು ರಂಗಸ್ಥಳ. ಒಂದಷ್ಟು ಮೆಟ್ಟಿಲುಗಳನ್ನು ಬಂಡೆಯಲ್ಲೇ ಕೆತ್ತಿದ್ದಾರೆ. ಬಿಸಿಲು, ನೀಲಿ ನೀರು, ಅಷ್ಟು ಚೆಂದ. ಆದರೆ 259ರಲ್ಲಿ ಇದೇ ಜಾಗದಲ್ಲಿ ಫ್ರುಕ್ತುಓಸುಸ್ ಎಂಬ ಬಿಷಪ್‌ನನ್ನೂ ಅವನ ಇಬ್ಬರು ಜೊತೆಗಾರರನ್ನೂ ಜೀವಂತ ಸುಟ್ಟರಂತೆ. ಅದು ತಿಳಿದ ಮೇಲೆ ನನಗೆ ಅಲ್ಲಿ ಕೂರಲು ಮನಸ್ಸಾಗಲಿಲ್ಲ. ಹೊರಗೆ ಬಂದು ಮರದ ನೆರಳಲ್ಲಿ ಡಬ್ಬಿ ಬಿಚ್ಚಿದೆವು.

ನಿಜವಾಗಿ ನಾನು ಹೇಳಬೇಕು ಅಂದುಕೊಂಡಿದ್ದು ಮಧ್ಯಾಹ್ನದ ಮಾತು.

ಊರಿಂದ ನಾಲ್ಕು ಕಿಲೋಮೀಟರ್ ಆಚೆ, ಪೈನ್ ಮರಗಳ ನಡುವೆ ರೋಮನ್ನರ ಮೇಲ್ಗಾಲುವೆ ಇದೆ, ಅಂದರೆ ಊರಿಗೆ ನೀರು ತರಲು ಕಮಾನುಗಳ ಮೇಲೆ ಕಟ್ಟಿದ ಕಾಲುವೆ. ಜನ ಅದನ್ನು ದೆವ್ವದ ಸೇತುವೆ ಅಂತಾರೆ. ಸುಮಾರು 2000 ವರ್ಷ ಹಳೆಯದು, 217 ಮೀಟರ್ ಉದ್ದ, 27 ಮೀಟರ್ ಎತ್ತರ. ಕೆಳಗಿನ ಸಾಲಿನಲ್ಲಿ 11 ಕಮಾನು, ಮೇಲೆ 25. ನಮ್ಮ ಮನೆಯವರು ಮಂಡ್ಯದಲ್ಲಿ 30 ವರ್ಷ ನಾಲೆ ಕೆಲಸ ಮಾಡಿದವರು. ನನ್ನ ಪಾಲಿಗೆ ಆ ಕೆಲಸ ಅಂದರೆ ಹೊತ್ತಿಲ್ಲದ ಹೊತ್ತಿನ ಫೋನು, ನಾಲೆ ಒಡೆಯಿತು, ತೂಬು ಕಟ್ಟಿಕೊಂಡಿತು, ಕೊನೆ ಭಾಗದ ರೈತರಿಗೆ ನೀರು ಹೋಗಿಲ್ಲ, ಆಮೇಲೆ ಆರಿದ ಸಾರನ್ನು ಮತ್ತೆ ಬಿಸಿ ಮಾಡೋದು, ಇಷ್ಟೇ ಆಗಿತ್ತು.

ಇವರು ಕಂಬದ ಹತ್ತಿರ ಹೋಗಿ ಎರಡು ಕಲ್ಲುಗಳ ಸಂದಿನ ಮೇಲೆ ಬೆರಳು ಎಳೆದರು. ಮತ್ತೆ ಎಳೆದರು. "ನೋಡೇ, ಗಾರೆನೇ ಇಲ್ಲ" ಅಂದರು. ದನಿ ಸಣ್ಣಗಾಗಿತ್ತು. ನಮ್ಮ ಕನ್ನಂಬಾಡಿ ಕಟ್ಟೆಗೆ ಸಿಮೆಂಟ್ ಹಾಕಿಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಅಂತ ನಮಗೆಲ್ಲ ಹೆಮ್ಮೆ ಅಲ್ವಾ, ಇಲ್ಲಿ ಅದೂ ಇಲ್ಲ, ಚಪ್ಪಡಿಯ ಭಾರವೇ ಚಪ್ಪಡಿಯನ್ನು ಹಿಡಿದು ನಿಲ್ಲಿಸಿದೆ.

ಮೇಲೆ ನೀರು ಹರಿಯುತ್ತಿದ್ದ ಕಾಲುವೆಯೊಳಗೇ ನಡೆಯಬಹುದು. ಇಕ್ಕಟ್ಟು, ಎದುರಿಂದ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಇವರು ಮುಂದೆ, ನಾನು ಹಿಂದೆ. "ವಾಟ, ಅಂದ್ರೆ ಕಾಲುವೆಯ ಇಳಿಜಾರು, ಜಾಸ್ತಿಯಾದರೆ ನೀರು ರಭಸಕ್ಕೆ ತಳ ಕೊರೆಯುತ್ತೆ, ಕಮ್ಮಿಯಾದರೆ ಹೂಳು ನಿಲ್ಲುತ್ತೆ, ನಡುವೆ ಹಿಡಿಯೋದೇ ಕಷ್ಟ ಕಣೇ" ಅಂತ ಹೇಳುತ್ತಾ ಹೋದರು. ಫ್ರಾಂಕೋಲಿ ನದಿಯ ನೀರು ಊರು ಮುಟ್ಟುವ ತನಕ ಎಲ್ಲೂ ಪಂಪಿಲ್ಲ, ಬರೀ ವಾಟ. ಇವರು ಇಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನಾನೂ ಯಾವತ್ತೂ ಕೇಳಿರಲಿಲ್ಲ.

ಸಂಜೆ ಊರಿನ ತುದಿಗೆ ಬಂದೆವು. ಎತ್ತರದಲ್ಲಿ ಸಮುದ್ರ ನೋಡುವ ಕಟ್ಟೆ, ಅದಕ್ಕೆ ಉದ್ದಕ್ಕೂ ಕಬ್ಬಿಣದ ಕಂಬಿ. ಅದನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆ ಅನ್ನೋದು ಅಲ್ಲಿನವರ ನಂಬಿಕೆ. ಇಬ್ಬರೂ ಕಂಬಿ ಹಿಡಿದುಕೊಂಡು ಕತ್ತಲಾಗುವವರೆಗೆ ನಿಂತೆವು.

"ರೀ, ಹುಲಿಕೆರೆ ಸುರಂಗ ಅಂತ ಹೇಳ್ತಿದ್ರಲ್ಲ, ವಿಶ್ವೇಶ್ವರಯ್ಯ ನಾಲೆದು. ನನ್ನನ್ನ ಒಂದ್ಸಲನೂ ಕರ್ಕೊಂಡು ಹೋಗಿಲ್ಲ" ಅಂದೆ.

"ನೀನು ಬರ್ತೀಯಾ ಅಂತ ನಂಗೇನು ಗೊತ್ತು?" ಅಂದರು.

ಮೊನ್ನೆ ಭಾನುವಾರ ಹೋಗಿಬಂದೆವು. ನಾಲೆ ತುಂಬಿ ಹರಿಯುತ್ತಿತ್ತು. ನೀರಿನ ಸದ್ದಿಗೆ ಇವರು ಹೇಳಿದ್ದು ಅರ್ಧಕ್ಕರ್ಧ ಕೇಳಿಸಲಿಲ್ಲ, ಕೈ ಚಾಚಿ ವಾಟ ತೋರಿಸುತ್ತಲೇ ಇದ್ದರು.