ರಾಜಕೀಯದಲ್ಲಿ ಸಂಬಳದ ಕೆಲಸವೂ ಇದೆ

"ಅಕ್ಕ, ರಾಜಕೀಯ ಇಷ್ಟ. ಆದ್ರೆ ಮನೆಯಲ್ಲಿ ತೋಟ ಇಲ್ಲ, ದುಡ್ಡಿಲ್ಲ." ಗೋಣಿಕೊಪ್ಪದಲ್ಲಿ ಡಿಗ್ರಿ ಮುಗಿಸಿದ ಮಕ್ಕಳಿಂದ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಟಿಕೆಟ್ ಒಂದೇ ದಾರಿ ಅಂದುಕೊಂಡಿದ್ದಾರೆ. ಕೊಡಗಿಗೆ ಇರುವುದೇ ಎರಡು ವಿಧಾನಸಭಾ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. ಲೋಕಸಭೆಗೆ ಮೈಸೂರಿನ ಜೊತೆ. ಅದಕ್ಕೇ ಕಾದು ಕೂತರೆ ಆಗುತ್ತಾ?

ನಾನು ಮೊದಲು ಹೇಳುವುದು ಲ್ಯಾಂಪ್ ಫೆಲೋಶಿಪ್ ಬಗ್ಗೆ. ಜನಪ್ರತಿನಿಧಿಗಳಿಗೆ ಸಂಶೋಧನೆಯ ನೆರವು ಕೊಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ ನಡೆಸುತ್ತದೆ. ಡಿಗ್ರಿ ಆಗಿರಬೇಕು, ವಯಸ್ಸು 25 ದಾಟಿರಬಾರದು. ಒಬ್ಬ ಸಂಸದರ ಜೊತೆ ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಕೆಲಸ. ಸದನದ ಪ್ರಶ್ನೆ ಬರೆಯುವುದು, ಮಸೂದೆ ಓದಿ ಟಿಪ್ಪಣಿ ಮಾಡುವುದು, ಭಾಷಣಕ್ಕೆ ಅಂಕಿಅಂಶ ಹುಡುಕುವುದು. ಅಲ್ಲಿ ಸಿಗುವ ಹಣ ಜಾಸ್ತಿಯೇನಲ್ಲ. ಆಮೇಲೆ ನೀತಿ ಸಲಹಾ ಸಂಸ್ಥೆಗಳಲ್ಲಿ, ದೊಡ್ಡ ಕಂಪನಿಗಳಲ್ಲಿ ಸರ್ಕಾರದ ಜೊತೆ ವ್ಯವಹರಿಸುವ ವಿಭಾಗದಲ್ಲಿ ಒಳ್ಳೆ ಸಂಬಳವಿದೆ.

ವಿಧಾನಸಭೆ ಸಚಿವಾಲಯದ ವರದಿಗಾರರ ಕೆಲಸ ನನಗೆ ಇನ್ನೂ ಇಷ್ಟ. ಸದನದ ಮಾತನ್ನು ಅಕ್ಷರ ಬಿಡದೆ ದಾಖಲಿಸುವವರು ಅವರು. ಸರ್ಕಾರಿ ನೌಕರಿ. ಅದಕ್ಕೆ ಬೇಕಾದ ಕನ್ನಡ ಶೀಘ್ರಲಿಪಿ (ಶಾರ್ಟ್‌ಹ್ಯಾಂಡ್) ಕಲಿಯುವವರೇ ಈಗ ಕಡಿಮೆ, ಅಲ್ವಾ?

ಪಕ್ಷಗಳ ಪ್ರಚಾರ ನಡೆಸುವ ಚುನಾವಣಾ ವಾರ್ ರೂಮ್‌ಗಳಲ್ಲೂ ದುಡ್ಡಿದೆ, ಆದರೆ ಮತ ಎಣಿಕೆಯ ಜೊತೆ ಕೆಲಸವೂ ಮುಗಿಯಬಹುದು. ಸಂಬಳ ಎಷ್ಟು, ಎಲ್ಲಿಯವರೆಗೆ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ.

ಅನುಭವ ಬೇಕಾದರೆ ಸುಮ್ನೆ ಬಯೋಡಾಟಾ ಹಿಡಿದು ಅಲೆಯಬೇಡಿ. ಸಿದ್ದಾಪುರ ಕಡೆಯ ಆನೆ ಹಾವಳಿ, ಬೆಳೆ ಪರಿಹಾರದ ಬಗ್ಗೆ ಎರಡು ಪುಟ ಬರೆಯಿರಿ. ಅದನ್ನು ಶಾಸಕರ ಕಚೇರಿಗೆ ಕೊಡಿ.